ಗಿರಣಿ ಆಕಾಶದಲ್ಲಿ, ಬೀಗದ ಕೈ ಯಾರಲ್ಲಿ?

ಮೊದಲು ಮನೆಮನೆಯಲ್ಲೂ ಬೀಸುವ ಕಲ್ಲು ಇರುತ್ತಿತ್ತು. ಆಮೇಲೆ ಊರಿಗೊಂದು ಹಿಟ್ಟಿನ ಗಿರಣಿ ಬಂತು. ಜೋಳದ ಡಬ್ಬಿ ಹೊತ್ತುಕೊಂಡು ಹೋಗಿ ಹಿಟ್ಟು ಮಾಡಿಸಿಕೊಂಡು ಬಂದರೆ ಆಯ್ತು, ರಟ್ಟೆ ನೋವಿಲ್ಲ. ಕಂಪ್ಯೂಟರ್ ಜಗತ್ತಿನಲ್ಲಿ 'ಆಫ್‌ಲೋಡಿಂಗ್' ಅಂತ ಕರೆಯೋದು ಇದನ್ನೇ. ಕೈಯಲ್ಲಿರೋ ಚಿಕ್ಕ ಸಾಧನಕ್ಕೆ ಭಾರವಾಗೋ ಲೆಕ್ಕವನ್ನು ದೊಡ್ಡ ಯಂತ್ರಕ್ಕೆ ಕಳಿಸಿ, ಉತ್ತರವನ್ನಷ್ಟೇ ವಾಪಸ್ ತರಿಸಿಕೊಳ್ಳೋದು. ಈಗ ಈ ಗಿರಣಿಯನ್ನೇ ಉಪಗ್ರಹದೊಳಗೆ ಇಡೋ ಮಾತು ಜೋರಾಗಿ ನಡೀತಾ ಇದೆ. ಮೊಬೈಲ್ ಟವರ್ ಇಲ್ಲದ ಕಾಡಿನಲ್ಲಿರೋ ಸೆನ್ಸರ್, ನಡುಗಡಲಿನಲ್ಲಿರೋ ದೋಣಿ, ಇವೆಲ್ಲ ತಮ್ಮ ಲೆಕ್ಕವನ್ನು ತಲೆ ಮೇಲೆ ಹಾದುಹೋಗೋ ಉಪಗ್ರಹಕ್ಕೆ ಒಪ್ಪಿಸಿ ಸುಮ್ಮನಾಗಬಹುದು ಅನ್ನೋದು ಇದರ ತಿರುಳು.

ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾ ಅನ್ನೋ ಹಾಗೆ ಬರೆಯೋದೇ ಹೆಚ್ಚು. ನನ್ನ ಪ್ರಕಾರ ಹಾಗಲ್ಲ. ಕೆಲಸದ ಭಾರ ಮೇಲಿರಬೇಕೋ ಕೆಳಗಿರಬೇಕೋ ಅನ್ನೋ ಜಗಳ ಸಂಪರ್ಕ ಉಪಗ್ರಹಗಳಷ್ಟೇ ಹಳೇದು. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗದ ಹಳ್ಳಿಗಳಲ್ಲಿ. ಅದನ್ನು ಮರೆತು ಈಗಿನ ಮಾತನ್ನು ಆಡೋದು ಸರಿಯಲ್ಲ ಅನ್ನಿಸಿ ಇದನ್ನು ಬರೀತಾ ಇದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಶುರು ಮಾಡೋಣ 1962ರಿಂದ. ಆ ವರ್ಷ ಜುಲೈ 10ರಂದು ಅಮೆರಿಕದಿಂದ ಟೆಲ್‌ಸ್ಟಾರ್ ಉಪಗ್ರಹ ಹಾರಿತು. ಅಟ್ಲಾಂಟಿಕ್ ಸಾಗರದ ಆ ಕಡೆಗೂ ಈ ಕಡೆಗೂ ನೇರ ಟೀವಿ ಚಿತ್ರ ದಾಟಿಸಿದ ಮೊದಲ ಉಪಗ್ರಹ ಅದು. ತೂಕ ಸುಮಾರು 77 ಕಿಲೋ. ಅದರ ಸೋಲಾರ್ ಸೆಲ್‌ಗಳು ಕೊಡುತ್ತಿದ್ದ ವಿದ್ಯುತ್ ಸುಮಾರು 14 ವ್ಯಾಟ್, ಅಂದರೆ ಒಂದು ಎಲ್‌ಇಡಿ ಬಲ್ಬಿಗೆ ಆಗೋವಷ್ಟು. ಕೆಳಗಿನಿಂದ ಬಂದ ಸಿಗ್ನಲ್ಲನ್ನು ಹಿಗ್ಗಿಸಿ, ಫ್ರೀಕ್ವೆನ್ಸಿ ಬದಲಿಸಿ, ಮತ್ತೆ ಕೆಳಕ್ಕೆ ಕಳಿಸೋದು, ಇಷ್ಟೇ ಅದರ ಕೆಲಸ. ಒಳಗೆ ಏನಿದೆ ಅಂತ ಅದು ನೋಡುತ್ತಿರಲಿಲ್ಲ. ಎಂಜಿನಿಯರುಗಳು ಇಂಥ ಉಪಗ್ರಹಕ್ಕೆ ಇವತ್ತಿಗೂ 'ಬೆಂಟ್ ಪೈಪ್' ಅಂತಾರೆ. ಬಗ್ಗಿಸಿದ ಕೊಳವೆ: ಈ ತುದಿಯಲ್ಲಿ ಹಾಕಿದ್ದು ಆ ತುದಿಯಲ್ಲಿ ಬೀಳುತ್ತೆ.

ಮೇಲಿನದು ಇಷ್ಟು ಬಡಕಲಾದರೆ ಕೆಳಗಿನದು ಆನೆಯಂತೆ ಇರಲೇಬೇಕಲ್ಲ? ಟೆಲ್‌ಸ್ಟಾರ್ ಜೊತೆ ಮಾತಾಡೋಕೆ ಅಮೆರಿಕದ ಮೇನ್ ರಾಜ್ಯದ ಆಂಡೋವರ್‌ನಲ್ಲಿ ಕಟ್ಟಿದ ಕಹಳೆ ಆಕಾರದ ಆಂಟೆನಾ 177 ಅಡಿ ಉದ್ದ ಇತ್ತು. ಅಂಥದ್ದನ್ನು ಕಟ್ಟೋದು ದೊಡ್ಡ ಕಂಪನಿಗೋ ಸರ್ಕಾರಕ್ಕೋ ಮಾತ್ರ ಸಾಧ್ಯ.

ಭಾರವನ್ನು ಕೆಳಗೇ ಇಟ್ಟುಕೊಳ್ಳೋಕೆ ಇನ್ನೊಂದು ಒಳ್ಳೆ ಕಾರಣವೂ ಇತ್ತು. ಟೆಲ್‌ಸ್ಟಾರ್ ಹಾರೋ ಹಿಂದಿನ ದಿನ, ಅಂದರೆ ಜುಲೈ 9ರಂದು, ಅಮೆರಿಕ ಪೆಸಿಫಿಕ್ ಸಾಗರದ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ 'ಸ್ಟಾರ್‌ಫಿಶ್ ಪ್ರೈಮ್' ಅನ್ನೋ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿತ್ತು. ಅದರಿಂದ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳು ವಿಪರೀತ ಹೆಚ್ಚಿದವು. ಟೆಲ್‌ಸ್ಟಾರಿನಲ್ಲಿ ಮೊದಲು ಕೆಟ್ಟಿದ್ದು ಯಾವುದು ಗೊತ್ತಾ? ಕೆಳಗಿನ ಆಜ್ಞೆಗಳನ್ನು ಓದಿ ಅರ್ಥ ಮಾಡಿಕೊಳ್ಳೋ ಡಿಕೋಡರ್. ಅಂದರೆ ಇದ್ದಬದ್ದ ಅಲ್ಪಸ್ವಲ್ಪ 'ಬುದ್ಧಿ'ಯೇ ಮೊದಲು ಹೋಯ್ತು. 1962ರ ನವೆಂಬರಿನಲ್ಲಿ ಅದು ಮಾತು ಕೇಳೋದು ಬಿಟ್ಟಿತು. ಎಂಜಿನಿಯರುಗಳು ಕೆಳಗಿನಿಂದಲೇ ನಾನಾ ಉಪಾಯ ಮಾಡಿ ಜನವರಿಯಲ್ಲಿ ಎಬ್ಬಿಸಿದರು. 1963ರ ಫೆಬ್ರವರಿಯಲ್ಲಿ ಅದು ಕಾಯಂ ಆಗಿ ಮಲಗಿತು. ರಿಪೇರಿ ಮಾಡೋಕೆ ಅಲ್ಲಿಗೆ ಯಾರು ಹೋಗ್ತಾರೆ? ಹಾಗಾಗಿ ಬುದ್ಧಿ, ಬಲ ಎರಡೂ ನೆಲದ ಮೇಲಿರಲಿ, ಮೇಲಿನದು ದಡ್ಡ ಕೊಳವೆಯಾಗಿರಲಿ ಅನ್ನೋದು ಬಹುಕಾಲ ನಡೆದ ವಿವೇಕ.

ಭಾರತಕ್ಕೂ ಇದೇ ಪಾಠ ಅನ್ವಯಿಸಿತು. ಪುಣೆ ಹತ್ತಿರದ ಆರ್ವಿಯಲ್ಲಿ 1971ರಲ್ಲಿ ಶುರುವಾದ ಭೂಕೇಂದ್ರದ ಡಿಶ್ ಅಗಲ 29.7 ಮೀಟರ್. ಈ ಲೆಕ್ಕದಲ್ಲಿ ಹಳ್ಳಿಗೆ ಉಪಗ್ರಹದ ಟೀವಿ ತೋರಿಸೋದು ಕನಸಿನ ಮಾತೇ. ಊರಿಗೊಂದು ಹತ್ತಂತಸ್ತಿನ ಡಿಶ್ ಕಟ್ಟೋಕಾಗುತ್ತಾ?

ವಿಕ್ರಮ್ ಸಾರಾಭಾಯಿ ಈ ಲೆಕ್ಕವನ್ನೇ ತಿರುಗಿಸಿ ಹಾಕೋ ಯೋಜನೆಯ ಬೆನ್ನು ಹತ್ತಿದರು. ಡಿಶ್ ದೊಡ್ಡದಾಗಬೇಕಾದ್ದು ಕೆಳಗಲ್ಲ, ಮೇಲೆ! 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ನಾಸಾ ನಡುವೆ ಒಪ್ಪಂದ ಆಯ್ತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸೋಕೆ ಕೊಡೋದು ಅಂತ. ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು, ಫಲ ನೋಡೋಕೆ ಅವರಿಗೆ ಆಗಲಿಲ್ಲ. ಎಟಿಎಸ್-6 ಹಾರಿದ್ದು 1974ರ ಮೇ 30ರಂದು. ಅದರ ಮೈಮೇಲೆ ಸುತ್ತಿಟ್ಟಿದ್ದ ಬಲೆಯ ಆಂಟೆನಾ ಆಕಾಶಕ್ಕೆ ಹೋದ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡಿತು, 30 ಅಡಿ ಅಗಲಕ್ಕೆ. ಮೊದಲ ವರ್ಷ ಅಮೆರಿಕದ ಮೇಲಿದ್ದು, 1975ರಲ್ಲಿ ಪೂರ್ವಕ್ಕೆ ಸರಿದು ಆಫ್ರಿಕಾದ ಮೇಲೆ 35 ಡಿಗ್ರಿ ಪೂರ್ವ ರೇಖಾಂಶಕ್ಕೆ ಬಂತು. ಅಲ್ಲಿಂದ ಭಾರತದ ಕಡೆ ಮುಖ ಮಾಡಿತು.

ಅಷ್ಟಾದ ಮೇಲೆ ಹಳ್ಳಿಯಲ್ಲಿ ಬೇಕಾಗಿದ್ದದ್ದು 10 ಅಡಿಯ ಡಿಶ್, ಅದೂ ಕೋಳಿಗೂಡಿಗೆ ಹಾಕೋ ತಂತಿ ಜಾಲರಿಯಿಂದ ಮಾಡಿದ್ದು! ಜೊತೆಗೊಂದು ರಿಸೀವರ್, ಒಂದು ಟೀವಿ. ಹೈದರಾಬಾದಿನ ಇಸಿಐಎಲ್ ಸೆಟ್‌ಗಳನ್ನು ತಯಾರಿಸಿತು. 1975ರ ಆಗಸ್ಟ್ 1ರಂದು 'ಸೈಟ್' ಪ್ರಯೋಗ ಶುರುವಾಯ್ತು. ಆರು ರಾಜ್ಯ, ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಆಯ್ಕೆಯಾದದ್ದು ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ದಿನಕ್ಕೆ ನಾಲ್ಕು ಗಂಟೆ: ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿನ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸೋ ವ್ಯವಸ್ಥೆ ಇತ್ತು, ಹಾಗಾಗಿ ಒಂದು ಚಿತ್ರಕ್ಕೆ ಎರಡು ಭಾಷೆ. ಕಾರ್ಯಕ್ರಮಗಳು ಹಿಂದಿ, ಒರಿಯಾ, ತೆಲುಗು ಮತ್ತು ಕನ್ನಡದಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಈ ಹಳ್ಳಿಗಳ ಜನ ಕನ್ನಡ ಟೀವಿ ನೋಡಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಇಲ್ಲಿ ಮೇಲಕ್ಕೆ ಹೋಗಿದ್ದು ಲೆಕ್ಕ ಮಾಡೋ ಕೆಲಸ ಅಲ್ಲ ನಿಜ, ರೇಡಿಯೋ ಕೆಲಸ. ಆದರೆ ತರ್ಕ ಒಂದೇ. ಮೇಲಿರೋದು ಒಂದು, ಕೆಳಗಿರೋದು 2400. ಕೆಳಗಿನ ಪ್ರತಿಯೊಂದರಿಂದ ಒಂದೊಂದು ಹಿಡಿ ಭಾರ ಇಳಿಸೋಕೆ ಮೇಲಿನ ಒಂದಕ್ಕೆ ಮೂಟೆ ಹೊರಿಸಿದರೂ ಲಾಭವೇ.

ಈಗ ಕಥೆಯ ಇನ್ನೊಂದು ಮುಖ. 1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ಮುಗೀತು. ಎಟಿಎಸ್-6 ಮತ್ತೆ ಅಮೆರಿಕದ ಕಡೆಗೆ ಹೊರಟಿತು. ಕೋಳಿ ಜಾಲರಿಯ ಡಿಶ್ ಅಲ್ಲೇ ಇತ್ತು, ಟೀವಿಯೂ ಇತ್ತು, ಚಿತ್ರ ಮಾತ್ರ ಇಲ್ಲ. ಕೆಳಗಿನದನ್ನು ಅಷ್ಟು ಹಗುರ ಮಾಡಿದ್ದರಿಂದಲೇ ಅದು ಬೇರೆ ಯಾವ ಉಪಗ್ರಹದಿಂದಲೂ ಚಿತ್ರ ಹಿಡಿಯುವಷ್ಟು ಶಕ್ತವಾಗಿರಲಿಲ್ಲ. ಅಷ್ಟು ಜೋರಾಗಿ ನಮ್ಮ ಕಡೆ ಕೂಗೋ ಉಪಗ್ರಹ ಆಗ ಬೇರೊಂದಿರಲಿಲ್ಲ. ಗಿರಣಿ ಬಂತು ಅಂತ ಬೀಸುವ ಕಲ್ಲನ್ನು ಹಿತ್ತಲಿಗೆ ಎಸೆದ ಮೇಲೆ, ಗಿರಣಿಯವನು ಊರು ಬಿಟ್ಟು ಹೋದ ಹಾಗೆ.

ಒಪ್ಪಂದವೇ ಒಂದು ವರ್ಷಕ್ಕೆ ಇತ್ತು, ಇದರಲ್ಲಿ ಮೋಸ ಏನೂ ಇಲ್ಲ. ಇಸ್ರೋದವರಿಗೂ ಇದು ಮೊದಲೇ ಗೊತ್ತಿತ್ತು. ಅದಕ್ಕೇ ಅವರು ಆ ಒಂದು ವರ್ಷವನ್ನು ಕಲಿಯೋಕೆ ಬಳಸಿದರು. ರಿಸೀವರ್ ಮಾಡೋದು, ಹಳ್ಳಿಯಲ್ಲಿ ಕೆಟ್ಟ ಸೆಟ್ ರಿಪೇರಿ ಮಾಡೋದು, ಕಾರ್ಯಕ್ರಮ ತಯಾರಿಸೋದು, ಎಲ್ಲ ಇಲ್ಲಿಯವರ ಕೈಗೆ ಬಂತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದು ಸುತ್ತಲಿನ ಹಳ್ಳಿಗಳಲ್ಲಿ ಟೀವಿ ಮತ್ತೆ ಮಾತಾಡಿತು. 1982ರಲ್ಲಿ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಶುರುವಾಯ್ತು. ಅದೇ ವರ್ಷ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರಿನಲ್ಲೇ ಕೈಕೊಟ್ಟಿತು, ಆದರೆ 1983ರ ಇನ್ಸಾಟ್-1ಬಿ ಗೆದ್ದಿತು. ಉಪಗ್ರಹ ಮಾಡಿಕೊಟ್ಟದ್ದು ಅಮೆರಿಕದ ಕಂಪನಿಯೇ. ಆದರೆ ಅದನ್ನು ಯಾವಾಗ ಎಲ್ಲಿಗೆ ತಿರುಗಿಸಬೇಕು ಅನ್ನೋ ಬೀಗದ ಕೈ ಈಗ ಹಾಸನದಲ್ಲಿತ್ತು. ಸೈಟ್ ಕಲಿಸಿದ ಪಾಠದ ಅರ್ಧ ಬೆಲೆ ಇದರಲ್ಲೇ ಇದೆ ಅಂತ ನನಗನ್ನಿಸುತ್ತೆ.

ಇರಲಿ, ಕೊಳವೆಗೆ ಬುದ್ಧಿ ಬಂದದ್ದು ಯಾವಾಗ? 1993ರ ಸೆಪ್ಟೆಂಬರಿನಲ್ಲಿ ನಾಸಾ ಡಿಸ್ಕವರಿ ಶಟಲ್‌ನಲ್ಲಿ 'ಆಕ್ಟ್ಸ್' ಅನ್ನೋ ಪ್ರಯೋಗದ ಉಪಗ್ರಹ ಕಳಿಸಿತು. ಇದು ಬಂದ ಸಿಗ್ನಲ್ಲನ್ನು ಸುಮ್ಮನೆ ಹಿಗ್ಗಿಸುತ್ತಿರಲಿಲ್ಲ. ಅದನ್ನು ಬಿಟ್‌ಗಳಾಗಿ ಬಿಡಿಸಿ, ಯಾರಿಗೆ ಹೋಗಬೇಕು ಅಂತ ನೋಡಿ, ಸರಿಯಾದ ಕಿರಣಕ್ಕೆ ಹಾಕುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜೇ ಆಕಾಶಕ್ಕೆ ಹೋದ ಹಾಗಾಯ್ತು.

ಇದನ್ನು ವ್ಯಾಪಾರಕ್ಕೆ ಇಳಿಸಿದ್ದು ಮೊಟೊರೊಲಾ ಬೆನ್ನಿಗಿದ್ದ ಇರಿಡಿಯಂ. 780 ಕಿಲೋಮೀಟರ್ ಎತ್ತರದಲ್ಲಿ 66 ಉಪಗ್ರಹ. ಪ್ರತಿಯೊಂದರೊಳಗೂ ಪವರ್‌ಪಿಸಿ ಪ್ರೊಸೆಸರುಗಳು, ಆ ಕಾಲದ ಆಪಲ್ ಕಂಪ್ಯೂಟರುಗಳಲ್ಲಿದ್ದ ಜಾತಿಯವೇ. ಪ್ರತಿ ಉಪಗ್ರಹವೂ ಅಕ್ಕಪಕ್ಕದ ನಾಲ್ಕರ ಜೊತೆ ನೇರ ಮಾತಾಡುತ್ತೆ. ಧ್ರುವದಲ್ಲಿ ನಿಂತು ಫೋನ್ ಮಾಡಿದರೂ ಕರೆ ಉಪಗ್ರಹದಿಂದ ಉಪಗ್ರಹಕ್ಕೆ ದಾಟಿ ಹೋಗುತ್ತೆ. ಅದೇ ಕಾಲಕ್ಕೆ ಎದುರಾಳಿಯಾಗಿ ಬಂದ ಗ್ಲೋಬಲ್‌ಸ್ಟಾರ್ ಇದಕ್ಕೆ ತದ್ವಿರುದ್ಧ. ಅದರ 48 ಉಪಗ್ರಹಗಳು ಹಳೇ ಕೊಳವೆಗಳೇ, ಬುದ್ಧಿಯೆಲ್ಲ ನೆಲದ ಮೇಲಿನ ಕೇಂದ್ರಗಳಲ್ಲಿ. ಖರ್ಚು ಕಡಿಮೆ, ಹೊಸ ತಂತ್ರ ಬಂದರೆ ಕೆಳಗೇ ಬದಲಿಸಿಕೊಳ್ಳಬಹುದು. ಆದರೆ ಉಪಗ್ರಹಕ್ಕೆ ಕೇಂದ್ರ ಕಾಣಿಸದ ನಡುಸಮುದ್ರದಲ್ಲಿ ಫೋನ್ ಇಲ್ಲ.

ಯಾರು ಗೆದ್ದರು ಅಂತೀರಾ? ಇಬ್ಬರೂ ದಿವಾಳಿ :) ಇರಿಡಿಯಂ ಸೇವೆ 1998ರ ನವೆಂಬರಿನಲ್ಲಿ ಶುರುವಾಗಿ 1999ರ ಆಗಸ್ಟಿನಲ್ಲಿ ಕೋರ್ಟಿಗೆ ಹೋಯ್ತು. ಗ್ಲೋಬಲ್‌ಸ್ಟಾರ್ 2002ರಲ್ಲಿ ಹೋಯ್ತು. ಸುಮಾರು 500 ಕೋಟಿ ಡಾಲರ್ ಸುರಿದಿದ್ದ ಇರಿಡಿಯಂ ಉಪಗ್ರಹಗಳನ್ನು ಕಕ್ಷೆಯಿಂದ ಇಳಿಸಿ ಸುಟ್ಟುಬಿಡೋ ಯೋಜನೆಯೂ ತಯಾರಾಗಿತ್ತು. 2000ದ ಕೊನೆಗೆ ಹೊಸ ಮಾಲೀಕರು ಅದೆಲ್ಲವನ್ನೂ 2.5 ಕೋಟಿ ಡಾಲರಿಗೆ ಕೊಂಡರು. ಅಮೆರಿಕದ ರಕ್ಷಣಾ ಇಲಾಖೆಗೆ ಈ ಫೋನ್ ಬೇಕಾಗಿತ್ತು, ಅದರ ಗುತ್ತಿಗೆ ಸಿಕ್ಕಿದ್ದಕ್ಕೆ ಉಳಿಯಿತು. ನಡುಸಮುದ್ರದಲ್ಲಿ ಆ ಫೋನನ್ನೇ ನಂಬಿದ್ದ ಹಡಗಿನವನ ಕೈಯಲ್ಲಿ ಈ ತೀರ್ಮಾನದ ಒಂದು ಎಳೆಯೂ ಇರಲಿಲ್ಲ ಅನ್ನೋದನ್ನು ಗಮನಿಸಿ.

ಮೂರನೇ ಸಲ ಮೇಲಕ್ಕೆ ಹೋದದ್ದು ನೋಡಿ ತೀರ್ಮಾನ ಮಾಡೋ ಕೆಲಸ. ನಾಸಾದ ಇಒ-1 ಅನ್ನೋ ಭೂವೀಕ್ಷಣೆ ಉಪಗ್ರಹ 2000ದ ನವೆಂಬರಿನಲ್ಲಿ ಹಾರಿತ್ತು. ಅದರೊಳಗಿದ್ದದ್ದು 12 ಮೆಗಾಹರ್ಟ್ಸ್‌ನ ಮಾಂಗೂಸ್ ಪ್ರೊಸೆಸರ್. ಹೌದು, ಗಿಗಾ ಅಲ್ಲ, ಮೆಗಾ. ವಿಕಿರಣ ತಡೆಯೋ ಚಿಪ್‌ಗಳು ಯಾವಾಗಲೂ ನೆಲದ ಚಿಪ್‌ಗಳಿಗಿಂತ ವರ್ಷಗಟ್ಟಲೆ ಹಿಂದೆ. ಇಷ್ಟರಲ್ಲೇ ನಾಸಾದ ಜೆಪಿಎಲ್ ಎಂಜಿನಿಯರುಗಳು 2003-04ರಲ್ಲಿ ಕೆಳಗಿನಿಂದ ಹೊಸ ಸಾಫ್ಟ್‌ವೇರ್ ಏರಿಸಿದರು. ಅಲ್ಲಿಂದಾಚೆ ಉಪಗ್ರಹ ತಾನು ತೆಗೆದ ಚಿತ್ರವನ್ನು ತಾನೇ ನೋಡಿ, 'ಇಲ್ಲಿ ಜ್ವಾಲಾಮುಖಿ ಬಿಸಿಯಾಗಿದೆ' ಅಂತ ಕಂಡರೆ ತಾನೇ ಮತ್ತೊಂದು ಚಿತ್ರಕ್ಕೆ ಸಮಯ ಗೊತ್ತು ಮಾಡಿಕೊಳ್ಳುತ್ತಿತ್ತು. 2004ರಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಬಿಸಿಯನ್ನು ಹೀಗೆ ಹಿಡಿಯಿತು. ಸಾಫ್ಟ್‌ವೇರ್ ಬರೆಯೋ ನಮ್ಮಂಥವರು ಇದನ್ನು ಓದಿ ಸ್ವಲ್ಪ ನಾಚಿಕೊಳ್ಳಬೇಕು. ನಾವು ಒಂದು ಬಟನ್ ತೋರಿಸೋಕೆ ಗಿಗಾಬೈಟ್ ಕೇಳ್ತೀವಿ.

2020ರ ಸೆಪ್ಟೆಂಬರಿನಲ್ಲಿ ಯುರೋಪಿನ ಫೈಸ್ಯಾಟ್-1 ಹೋಯ್ತು. ಅದರಲ್ಲಿ ಇಂಟೆಲ್‌ನ ಮಿರಿಯಡ್-2 ಚಿಪ್. ಕೆಲಸ ಸರಳ: ಚಿತ್ರದ ತುಂಬ ಬರೀ ಮೋಡವಿದ್ದರೆ ಕೆಳಕ್ಕೆ ಕಳಿಸಬೇಡ. ಭೂಮಿಯ ಸುಮಾರು ಮೂರನೇ ಎರಡು ಪಾಲು ಯಾವಾಗಲೂ ಮೋಡದಡಿ ಇರೋದರಿಂದ ಇದು ಸಣ್ಣ ಉಳಿತಾಯ ಅಲ್ಲ.

ಈ ಉಳಿತಾಯದ ಲೆಕ್ಕಕ್ಕೆ ಇನ್ನೂ ಒಳ್ಳೆ ಉದಾಹರಣೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು. 2021ರಲ್ಲಿ ಎಚ್‌ಪಿಇ ಕಂಪನಿಯ ಕಂಪ್ಯೂಟರೊಂದು ಅಲ್ಲಿಗೆ ಹೋಯ್ತು. ಡಿಎನ್‌ಎ ಪರೀಕ್ಷೆಯ 1.8 ಗಿಗಾಬೈಟ್ ಕಚ್ಚಾ ಮಾಹಿತಿಯನ್ನು ಕೆಳಗಿಳಿಸೋಕೆ 12 ಗಂಟೆಗೂ ಹೆಚ್ಚು ಬೇಕಿತ್ತು. ಅಲ್ಲೇ ಲೆಕ್ಕ ಮಾಡಿದಾಗ ಸುಮಾರು ಆರು ನಿಮಿಷ. ಕೆಳಕ್ಕೆ ಬಂದ ಉತ್ತರ 92 ಕಿಲೋಬೈಟ್, ಎರಡು ಸೆಕೆಂಡಿನಲ್ಲಿ.

ಆದರೆ ಒಂದು ವಿಷಯ. ಇಲ್ಲಿ ಜೋಳ ಬೆಳೆದದ್ದೇ ಗಿರಣಿ ಬಾಗಿಲಲ್ಲಿ! ಮಾಹಿತಿ ಮೇಲೇ ಹುಟ್ಟಿತು, ಮೇಲೇ ಅರೆದರು. ನೆಲದ ಸಾಧನದ ಲೆಕ್ಕವನ್ನು ಮೇಲಕ್ಕೆ ಹೊತ್ತು ಹಾಕೋದು ಇದಕ್ಕಿಂತ ಕಷ್ಟ. ಮೇಲೆ ಹೋಗೋ ಸಮಯ, ಅಲ್ಲಿ ಲೆಕ್ಕ ಮಾಡೋ ಸಮಯ, ವಾಪಸ್ ಬರೋ ಸಮಯ, ಮೂರೂ ಸೇರಿದರೂ ಸಾಧನ ತಾನೇ ಮಾಡೋದಕ್ಕಿಂತ ಕಡಿಮೆ ಆಗಬೇಕು. ಅಥವಾ ಬ್ಯಾಟರಿಯಾದರೂ ಉಳಿಯಬೇಕು. 35,786 ಕಿಲೋಮೀಟರ್ ಮೇಲಿರೋ ಭೂಸ್ಥಿರ ಉಪಗ್ರಹಕ್ಕೆ ಹೋಗಿಬರೋಕೆ ಬೆಳಕಿಗೇ ಕಾಲು ಸೆಕೆಂಡ್ ಹತ್ತಿರ ಬೇಕು. 550 ಕಿಲೋಮೀಟರಿನದಾದರೆ ನಾಲ್ಕು ಮಿಲಿಸೆಕೆಂಡೂ ಬೇಡ. ಆದರೆ ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತಿರುತ್ತೆ, ಕೆಲವೇ ನಿಮಿಷದಲ್ಲಿ ದಿಗಂತ ದಾಟುತ್ತೆ. ಅರ್ಧ ಅರೆದ ಹಿಟ್ಟನ್ನು ಹಿಂದೆ ಬರೋ ಗಿರಣಿಗೆ ಒಪ್ಪಿಸಬೇಕು. ಆಮೇಲೆ ಶಾಖ. ಅಂತರಿಕ್ಷ ತಣ್ಣಗಿದೆ ಅಂತೀವಿ, ಆದರೆ ಅಲ್ಲಿ ಬೀಸೋ ಗಾಳಿ ಇಲ್ಲ. 27 ಡಿಗ್ರಿಯಲ್ಲಿರೋ ಒಂದು ಚದರ ಮೀಟರ್ ಫಲಕದ ಒಂದು ಮುಖ ಹೆಚ್ಚೆಂದರೆ 460 ವ್ಯಾಟ್ ಹೊರಹಾಕಬಲ್ಲದು. 700 ವ್ಯಾಟ್ ಕುಡಿಯೋ ಒಂದು ಎಐ ಚಿಪ್ಪಿಗೆ ಒಂದೂವರೆ ಚದರ ಮೀಟರ್ ರೇಡಿಯೇಟರ್ ಆಯ್ತಲ್ಲ!

ಹೀಗಿದ್ದರೂ ಕೆಲಸ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಚೀನಾ ಲೆಕ್ಕಕ್ಕೆಂದೇ ಮಾಡಿದ 12 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿತು, ಒಂದಕ್ಕೊಂದು ಲೇಸರಿನಿಂದ ಮಾತಾಡುವಂಥವು. ಅದೇ ನವೆಂಬರಿನಲ್ಲಿ ಅಮೆರಿಕದ ಸ್ಟಾರ್‌ಕ್ಲೌಡ್ ಕಂಪನಿಯ ಉಪಗ್ರಹ ಎನ್‌ವಿಡಿಯಾದ ಎಚ್100 ಚಿಪ್ ಹೊತ್ತು ಹೋಯ್ತು. ಮೊಬೈಲ್ ಲೋಕದಲ್ಲೂ ಇದೇ ನಡೆ. 3ಜಿಪಿಪಿ ಮಾನದಂಡದ 17ನೇ ಆವೃತ್ತಿ ಉಪಗ್ರಹವನ್ನು ಕೊಳವೆಯಾಗಿ ಮಾತ್ರ ಒಪ್ಪಿತ್ತು, 19ನೇ ಆವೃತ್ತಿ ಟವರಿನ ಬುದ್ಧಿಯನ್ನೂ ಮೇಲಿಡೋಕೆ ದಾರಿ ಮಾಡಿತು. ಇನ್ನೊಂದು ಕಡೆ ಕೊಳವೆ ಸತ್ತಿಲ್ಲ. 2022-23ರಲ್ಲಿ ನಮ್ಮ ಎಲ್‌ವಿಎಂ3 ರಾಕೆಟ್ ಏರಿಸಿದ 72 ಒನ್‌ವೆಬ್ ಉಪಗ್ರಹಗಳು ಕೊಳವೆ ಜಾತಿಯವೇ. 1962ರ ಜಗಳ ಇನ್ನೂ ಜಾರಿಯಲ್ಲಿದೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣೋದು ಇಷ್ಟು. ಭಾರ ಮೇಲಕ್ಕೆ ಹೋಗಬೇಕೋ ಬೇಡವೋ ಅನ್ನೋದನ್ನು ಪ್ರತಿ ಸಲವೂ ನಿರ್ಧರಿಸಿದ್ದು ಎಣಿಕೆ: ಕೆಳಗೆ ಎಷ್ಟಿವೆ, ಎಷ್ಟು ಬಡವಾಗಿವೆ, ದಾರಿ ಎಷ್ಟು ಕಿರಿದು. ಆ ಎಣಿಕೆಯನ್ನು ಎಂಜಿನಿಯರುಗಳು ಚೆನ್ನಾಗೇ ಮಾಡ್ತಾರೆ. ಎಣಿಕೆಗೆ ಸಿಗದ ಪ್ರಶ್ನೆ ಒಂದಿದೆ, ಮೇಲಿನದು ಇಲ್ಲವಾದ ದಿನ ಕೆಳಗಿನದು ಏನು ಮಾಡುತ್ತೆ? 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಾಲ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ಕೂತುಬಿಟ್ಟಿತ್ತು. ಉಪಗ್ರಹ ಬಿದ್ದಿರಲಿಲ್ಲ, ಒಳಗಿನ ಸಾಫ್ಟ್‌ವೇರ್ ಕೈಕೊಟ್ಟಿತ್ತು, ಅಷ್ಟೇ. ಆ ಹೊತ್ತಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಬೇಸರ ಆಗುತ್ತೆ. ಆದರೆ ಕಾಡಿನ ಬೆಂಕಿ ಗುರುತಿಸೋ ಲೆಕ್ಕವನ್ನೇ ಪೂರ್ತಿ ಮೇಲಕ್ಕೆ ಒಪ್ಪಿಸಿದ ಸೆನ್ಸರ್ ಆಗಿದ್ದರೆ?

ಹಾಗಂತ ಗಿರಣಿ ಬೇಡ ಅನ್ನೋದು ನನ್ನ ವಾದ ಅಲ್ಲ. ಸೈಟ್ ನಡೆಯದೇ ಇದ್ದಿದ್ದರೆ ಆ ಹಳ್ಳಿಗಳಿಗೆ ಆ ಒಂದು ವರ್ಷವೂ ಸಿಗುತ್ತಿರಲಿಲ್ಲ, ಇನ್ಸಾಟ್ ಕಟ್ಟೋ ಧೈರ್ಯವೂ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಂದು ಬೀಸುವ ಕಲ್ಲು ಇರಲಿ. ಆಕಾಶ ಸುಮ್ಮನಾದಾಗ ಒರಟಾದ, ನಿಧಾನವಾದ, ಆದರೂ ಉಪಯೋಗಕ್ಕೆ ಬರೋ ಒಂದು ಲೆಕ್ಕವನ್ನು ಸಾಧನ ತಾನೇ ಮಾಡುವಂತಿರಲಿ. ಅಷ್ಟಕ್ಕೆ 12 ಮೆಗಾಹರ್ಟ್ಸ್ ಕೂಡ ಸಾಕಾಗಬಹುದು ಅಂತ ಇಒ-1 ತೋರಿಸಿಕೊಟ್ಟಿದೆ. ಮತ್ತೆ ಯಾವುದೇ ಆಕಾಶದ ಗಿರಣಿಗೆ ನಮ್ಮ ಜೋಳ ಕಳಿಸೋ ಮುಂಚೆ ಕೇಳಬೇಕಾದ ಪ್ರಶ್ನೆ ಅದರ ಸ್ಪೀಡ್ ಎಷ್ಟು ಅನ್ನೋದೊಂದೇ ಅಲ್ಲ. ಆಗಸ್ಟ್ 1ರ ಬೆಳಿಗ್ಗೆ ಅದು ಯಾರ ಕಡೆ ಮುಖ ಮಾಡಿರುತ್ತೆ, ಅದನ್ನು ತಿರುಗಿಸೋರು ಯಾರು?